ಬಾಗಿಲ ಹಿಂದೆ ಉಳಿದ ಕರಡಿಗೆ

ಸಿಕ್ಕಿದ ವಸ್ತುವನ್ನು ಕಳೆದುಕೊಂಡವರಿಗೆ ತಲುಪಿಸುವುದು ಪುಣ್ಯದ ಕೆಲಸ ಎಂದು ಯಾರಾದರೂ ಹೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಹಾಗೆ ಹೇಳುವವರು ಒಂದು ಸಲವಾದರೂ ಆ ಕೆಲಸ ಮಾಡಿ ನೋಡಬೇಕು. ನಾನು ಮಾಡಿದ್ದೇನೆ. ಒಂದು ಶನಿವಾರ ಶುರುವಾಗಿ ಭಾನುವಾರ ಮುಗಿದ ಆ ಕೆಲಸದಲ್ಲಿ ನನ್ನನ್ನು ಕಳ್ಳಿಯ ಹಾಗೆ ನೋಡಿದವರಿದ್ದಾರೆ, ಮಾಡಲು ಬೇರೆ ಕೆಲಸವಿಲ್ಲದವಳ ಹಾಗೆ ನೋಡಿದವರಿದ್ದಾರೆ. ಕೊನೆಗೆ ಯಾರ ವಸ್ತುವೋ ಆ ಮನೆಯವರೇ, ದಯವಿಟ್ಟು ವಾಪಸು ತೆಗೆದುಕೊಂಡು ಹೋಗಿ ಎಂದು ಕೈ ಮುಗಿದಿದ್ದಾರೆ. ಪುಣ್ಯ ಎಷ್ಟು ಬಂತೋ ಗೊತ್ತಿಲ್ಲ, ಬಿಪಿಯಂತೂ ಏರಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವರ್ಷಗಟ್ಟಲೆ ಕೈ ಎತ್ತಿ ಬೋರ್ಡಿನ ಮೇಲೆ ಬರೆದು ಬರೆದು ಬಲಭುಜ ಹಿಡಿದುಕೊಂಡಿತ್ತು. ಜಡೆ ಹಾಕಿಕೊಳ್ಳುವುದಕ್ಕೂ ಕೈ ಮೇಲೆ ಹೋಗುತ್ತಿರಲಿಲ್ಲ. ಡಾಕ್ಟರು ಎಂಆರ್‌ಐ ಮಾಡಿಸಿ ಎಂದರು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಮಾಗಡಿ ರಸ್ತೆಯ ಮೇಲೆ, ಒಂದು ಸ್ಕ್ಯಾನಿಂಗ್ ಸೆಂಟರ್ ಇದೆ. ಶನಿವಾರ ಶಾಲೆ ಅರ್ಧ ದಿನ. ಮುಗಿಸಿಕೊಂಡು ಸೀದಾ ಅಲ್ಲಿಗೆ ಹೋಗಿ ಕೂತೆ.

ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು. ಕೂತು ಸ್ವಲ್ಪ ಹೊತ್ತಾಗುವುದರೊಳಗೆ ನನ್ನ ಕಡೆ ತಿರುಗಿ, "ಯಾವ ಕಡಿಯವ್ರ್ರಿ ನೀವು?" ಎಂದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು ಯಾರೂ ಹೀಗೆ ಕೇಳುವುದಿಲ್ಲ. ನಮ್ಮ ಕಡೆಯವರು ಕೇಳದೆ ಬಿಡುವುದಿಲ್ಲ.

"ದಾವಣಗೆರೆ ಕಡೆಯವಳಮ್ಮ" ಎಂದೆ.

"ಹಂಗಾದ್ರ ನಮ್ಮವ್ರ ಬಿಡ್ರಿ. ನಮ್ದು ರಾಣೆಬೆನ್ನೂರು" ಎಂದು ಅವರು ಕುರ್ಚಿಯಲ್ಲಿ ಇನ್ನಷ್ಟು ಹತ್ತಿರ ಸರಿದರು. ಆಮೇಲೆ ಎಲ್ಲ ಹೇಳಿದರು. ನಡು ನೋವಂತೆ, ಅದಕ್ಕೆ ಸ್ಕ್ಯಾನು. ಜೊತೆಗೆ ಸಕ್ಕರೆ ಕಾಯಿಲೆ. ಮಗ ಸರ್ಕಾರಿ ಎಂಜಿನಿಯರು. ಸೊಸೆ ತವರಿಗೆ ಹೋಗಿದ್ದಾಳೆ, ಮಗನೇ ಅಡುಗೆ ಮಾಡುತ್ತಾನೆ, ಉಪ್ಪು ಮಾತ್ರ ಮರೆಯುತ್ತಾನೆ. ಇರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ, ಮಹಡಿ ಮೇಲೆ. "ಮನಿ ಎದುರಿಗೇ ಹಿಟ್ಟಿನ ಗಿರಣಿ ಐತಿ. ದಿನಾ ಗಡಗಡ ಅಂತಿರ್ತೈತಿ. ಮಗ ಬೈಕೋತಾನ. ನನಗ ಆ ವಾಸನಿ ಬಂದ್ರ ಊರಾಗ ಇದ್ದಂಗ ಆಗ್ತೈತಿ" ಎಂದು ನಕ್ಕರು. ಆ ಗಿರಣಿಯ ಮಾತು ಮುಂದೆ ನನಗೆ ದಾರಿ ತೋರಿಸಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ನರ್ಸ್ ಬಂದು, "ಅಜ್ಜಿ, ಮೆಟಲ್ ಏನಿದ್ರೂ ತೆಗೀಬೇಕು. ಓಲೆ, ಬಳೆ, ಸರ ಎಲ್ಲಾ" ಎಂದಳು. ಅಜ್ಜಿಯ ಕೈ ತಟ್ಟನೆ ಎದೆಯ ಮೇಲೆ ಹೋಯಿತು. ಸೆರಗಿನ ಒಳಗೆ ಅವರ ಕರಡಿಗೆ ಇತ್ತು. ಕರಡಿಗೆ ಎಂದರೆ ನಾವು ಕೊರಳಿಗೆ ಕಟ್ಟಿಕೊಳ್ಳುವ ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಪುಟ್ಟ ಪೆಟ್ಟಿಗೆ. ನನ್ನ ಕೊರಳಲ್ಲೂ ಒಂದಿದೆ. ನಾನು ಶಾಲೆಗೆ ಓಡುವ ಗಡಿಬಿಡಿಯಲ್ಲಿ ಪೂಜೆ ಮುಗಿಸುವವಳು. ಆದರೆ ಇಂಥ ಹಿರಿಯರನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಅವರಿಗೆ ಅದು ಮೈಯಿಂದ ಬೇರೆಯಾದ ಒಡವೆಯಲ್ಲ. ದಿನವೂ ಅಂಗೈಯಲ್ಲಿ ಇಟ್ಟು ಪೂಜೆ ಮಾಡದೆ ಅವರು ಬಾಯಿಗೆ ನೀರು ಹಾಕುವುದಿಲ್ಲ. ಅದು ಕಳೆದುಹೋದರೆ ಸಿಗುವವರೆಗೂ ಹಾಕುವುದಿಲ್ಲ.

"ಇದನ್ನ ನಾನು ಮೈ ಮ್ಯಾಲಿಂದ ತೆಗದಾಕಿ ಅಲ್ಲ" ಎಂದರು ಅಜ್ಜಿ.

ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದ ಒಬ್ಬ ಗಂಡಸು ಹತ್ತಿರ ಬಂದ. ಮಗ. ನನ್ನ ವಯಸ್ಸೇ ಇರಬೇಕು. "ಅಮ್ಮ, ಸ್ವಲ್ಪ ಹೊತ್ತು ಅಷ್ಟೇ. ಒಳಗೆ ಬಿಚ್ಚಿಡು, ಬರ್ತಾ ಹಾಕ್ಕೊಂಡು ಬಾ. ಕಾರು ರೋಡಲ್ಲಿ ನಿಲ್ಸಿದೀನಿ, ಎತ್ಕೊಂಡು ಹೋಗ್ತಾರೆ" ಎಂದು ಮತ್ತೆ ಫೋನಿಗೆ ಹೋದ. ಅಜ್ಜಿ ನನ್ನ ಮುಖ ನೋಡಿದರು. ಯಂತ್ರದ ಒಳಗೆ ಬೆಳ್ಳಿ ಬಂಗಾರ ಯಾವುದೂ ಹೋಗಬಾರದು ಎನ್ನುವುದು ನನಗೂ ಗೊತ್ತು, ಅದರ ಮೇಲೆ ನನ್ನ ಕೋಪವಿಲ್ಲ. "ಹೋಗಿ ಬನ್ನಿ ಅಮ್ಮ, ಏನಾಗಲ್ಲ" ಎಂದೆ. ಅವರು ನರ್ಸ್ ಹಿಂದೆ ನಡೆದರು. ನನ್ನನ್ನು ಬಿಪಿ ನೋಡುವುದಕ್ಕೆ ಬೇರೆ ರೂಮಿಗೆ ಕರೆದರು. ಅಜ್ಜಿ ಹೊರಗೆ ಬಂದದ್ದು ನನಗೆ ಕಾಣಲಿಲ್ಲ.

ನನ್ನ ಸರದಿ ಬಂದಾಗ ಬಟ್ಟೆ ಬದಲಿಸುವ ಆ ಇಕ್ಕಟ್ಟು ಕೋಣೆಗೆ ಹೋದೆ. ನಾನೂ ನನ್ನ ಕರಡಿಗೆಯನ್ನು ತೆಗೆದು, ಎಲ್ಲಿಡಲಿ ಎಂದು ಸುತ್ತ ನೋಡಿದೆ. ಇದ್ದದ್ದು ಕಬ್ಬಿಣದ ಒಂದು ಕಪಾಟು. ಅದರ ಕೆಳಗಿನ ಅರೆಯಲ್ಲಿ ಯಾರದೋ ಚಪ್ಪಲಿ, ಮೇಲಿನ ಅರೆಯಲ್ಲೂ ಯಾರದೋ ಚಪ್ಪಲಿ. ಅಲ್ಲಿ ಇಡುವುದಕ್ಕೆ ಮನಸ್ಸು ಬರಲಿಲ್ಲ. ಬಾಗಿಲ ಹಿಂದೆ ಎತ್ತರದಲ್ಲಿ ಒಂದು ಗೂಟ ಕಾಣಿಸಿತು. ಅದರ ಮೇಲೆ ತೂಗುಹಾಕಿದ್ದ ಹಸಿರು ಗೌನನ್ನು ಎಡಗೈಯಿಂದ ಎತ್ತಿದೆ. ಅದರಡಿಯಲ್ಲಿ ಒಂದು ಕರಡಿಗೆ ನೇತಾಡುತ್ತಿತ್ತು.

ಏನಾಗಿದೆ ಎಂದು ಕೂಡಲೇ ತಿಳಿಯಿತು. ಅಜ್ಜಿಯೂ ನನ್ನ ಹಾಗೆಯೇ ಚಪ್ಪಲಿ ಇಟ್ಟ ಕಪಾಟಿನಲ್ಲಿ ಇಡಲಾರದೆ, ಕೈಗೆಟುಕುವ ಎತ್ತರದ ಜಾಗ ಹುಡುಕಿ ಅಲ್ಲಿ ತೂಗುಹಾಕಿದ್ದಾರೆ. ಒಡವೆ ಎಂದುಕೊಂಡಿದ್ದರೆ ಪರ್ಸಿನಲ್ಲಿ ತುರುಕುತ್ತಿದ್ದರು, ಪರ್ಸಿನ ಜೊತೆ ಮನೆಗೆ ಹೋಗುತ್ತಿತ್ತು. ಮರ್ಯಾದೆಯಿಂದ ಇಟ್ಟದ್ದಕ್ಕೇ ಅದು ಹಿಂದೆ ಉಳಿಯಿತು. ಸ್ಕ್ಯಾನು ಮುಗಿದ ಮೇಲೆ ಬಿಚ್ಚಿದ ಗೌನನ್ನು ಯಾರೋ ಅದರ ಮೇಲೆ ಎಸೆದಿದ್ದಾರೆ. ಹೊರಗೆ ಮಗ ಅವಸರ ಮಾಡಿದ್ದಾನೆ.

ತೆರೆದು ನೋಡಲಿಲ್ಲ. ಇನ್ನೊಬ್ಬರ ಲಿಂಗವನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಬ್ಯಾಗಿನಲ್ಲಿ ಒಗೆದು ಮಡಿಸಿದ್ದ ಕರ್ಚೀಫು ತೆಗೆದು ಅದರಲ್ಲಿ ಹಿಡಿದುಕೊಂಡೆ. ಹಳೆಯದು, ಮುಚ್ಚಳದ ಕೀಲು ಸವೆದು ತೆಳುವಾಗಿತ್ತು. ಆದರೂ ಥಳಥಳ ಹೊಳೆಯುತ್ತಿತ್ತು. ವಿಭೂತಿ ಹಚ್ಚಿ ತಿಕ್ಕುವವರ ಬೆಳ್ಳಿ ಮಾತ್ರ ಹಾಗೆ ಹೊಳೆಯುತ್ತದೆ. ನನ್ನದನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹೊರಗೆ ಓಡಿದೆ. ಕುರ್ಚಿಗಳು ಖಾಲಿ, ರಸ್ತೆಯಲ್ಲಿ ಕಾರೂ ಇಲ್ಲ. ಹಿಂದಿನಿಂದ ನರ್ಸ್, "ಮೇಡಂ, ಈಗ ಹೋದ್ರೆ ನಿಮ್ಮ ಸ್ಲಾಟ್ ಹೋಗತ್ತೆ" ಎಂದು ಕೂಗಿದಳು. ಹೋಗಲಿ ಎಂದೆ. ನನ್ನ ಭುಜ ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಕೌಂಟರಿಗೆ ಬಂದು ರಿಸೆಪ್ಷನ್ ಹುಡುಗಿಗೆ ವಿಷಯ ಹೇಳಿದೆ. ಅವಳು ಕರ್ಚೀಫು ಬಿಡಿಸಿ, ಮಾತಾಡುತ್ತಲೇ ಉಗುರಿನಿಂದ ಮುಚ್ಚಳ ಎತ್ತಿಬಿಟ್ಟಳು. "ಒಳಗೆ ಏನೋ ಬ್ಲ್ಯಾಕ್ ಸ್ಟೋನ್ ಥರ ಇದೆ" ಎಂದು ಪಕ್ಕದ ಕುರ್ಚಿಯಲ್ಲಿದ್ದ ಮ್ಯಾನೇಜರಿಗೆ ತೋರಿಸಿದಳು. ಅವಳ ಕೈಯಿಂದ ನಾನು ಅದನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಹುಡುಗಿಗೆ ತಿಳಿಯದು, ಬಿಡಿ, ಯಾವ ಊರಿನವಳೋ. ಆದರೆ ಆ ಮ್ಯಾನೇಜರ್? ಅವನ ತಲೆಯ ಮೇಲೆ ಗೋಡೆಯಲ್ಲಿ ಶಿವನ ಪಟ, ಪಟಕ್ಕೆ ಮಿಣಮಿಣ ಸೀರಿಯಲ್ ಲೈಟು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಅವನು ಏನೆಂದ ಗೊತ್ತೇ? "ಸಿಲ್ವರ್ ಐಟಂ. ಡಬ್ಬದಲ್ಲಿ ಹಾಕು."

ಡಬ್ಬ ಎಂದರೆ ಕೌಂಟರಿನ ಕೆಳಗಿದ್ದ ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಕನ್ನಡಕಗಳು, ಒಂದು ಟಿಫಿನ್ ಕ್ಯಾರಿಯರ್, ಛತ್ರಿ, ಯಾರದೋ ಹಲ್ಲಿನ ಸೆಟ್ಟು. ಅದರ ಜೊತೆಗೆ ಇದನ್ನು ಹಾಕಬೇಕಂತೆ.

"ಸರ್, ಇದು ಏನು ಅಂತ ನಿಮಗೆ ಗೊತ್ತಿಲ್ವಾ?" ಎಂದೆ.

"ಗೊತ್ತು ಮೇಡಂ. ಓನರ್ ಸೋಮವಾರ ಬಂದು ಐಡಿ ಪ್ರೂಫ್ ತೋರಿಸಿ ತಗೊಂಡು ಹೋಗಲಿ. ನಾಳೆ ಭಾನುವಾರ, ಕೌಂಟರ್ ಕ್ಲೋಸ್."

"ಸೋಮವಾರದವರೆಗೂ ಆ ಅಜ್ಜಿ ಊಟ ಮಾಡಲ್ಲ. ನೀರೂ ಕುಡಿಯಲ್ಲ. ಅವರಿಗೆ ಶುಗರ್ ಇದೆ."

"ಅದು ಅವರ ಪರ್ಸನಲ್ ಮ್ಯಾಟರ್" ಎಂದ.

ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿ ನನ್ನದು. ಆ ದನಿ ಬಂತು. ಹಾಗಾದರೆ ಅವರ ಫೋನ್ ನಂಬರ್ ಕೊಡಿ ಎಂದೆ. ಪೇಷಂಟ್ ಡೀಟೇಲ್ಸ್ ಹೊರಗೆ ಕೊಡುವ ಹಾಗಿಲ್ಲ ಎಂದ. ನನಗೆ ಕೊಡಬೇಡಿ, ನೀವೇ ಮಾಡಿ ಎಂದೆ. ಮುಖ ಸಿಂಡರಿಸಿಕೊಂಡು ಒಂದು ಸಲ ಮಾಡಿದ. "ರಿಂಗ್ ಆಗ್ತಿದೆ, ತೆಗೀತಿಲ್ಲ" ಎಂದು ರಿಸೀವರ್ ಇಟ್ಟ. ಕಾರು ಓಡಿಸುತ್ತಿರುವವನು ಹೇಗೆ ತೆಗೆಯುತ್ತಾನೆ, ಆಮೇಲೆ ಮತ್ತೆ ಮಾಡಿ ಎಂದರೆ, "ನೋಡೋಣ" ಎಂದ. ಆ 'ನೋಡೋಣ' ಎಂದರೆ ಏನೆಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

ಹಾಗಾದರೆ ಇದನ್ನು ನಿಮ್ಮ ಬುಟ್ಟಿಗೆ ಕೊಡುವುದಿಲ್ಲ, ನಾನೇ ಹುಡುಕಿ ಮುಟ್ಟಿಸುತ್ತೇನೆ ಎಂದೆ. ಆಗ ಅವನ ದನಿ ಬದಲಾಯಿತು. "ಸಿಲ್ವರ್ ಐಟಂ ತಗೊಂಡು ಹೋದ್ರೆ ನಾಳೆ ಪೊಲೀಸ್ ಕಂಪ್ಲೇಂಟ್ ಆಗತ್ತೆ ಮೇಡಂ. ಆಮೇಲೆ ನಮ್ಮನ್ನ ಕೇಳ್ಬೇಡಿ." ಸುತ್ತ ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಒಬ್ಬ ಹೆಂಗಸು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಒಂದು ಚೀಟಿಯಲ್ಲಿ ನನ್ನ ಹೆಸರು, ಶಾಲೆಯ ಹೆಸರು, ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆದು, "ಅವರು ಫೋನ್ ಮಾಡಿದ ಕೂಡಲೆ ಈ ನಂಬರ್ ಕೊಡಿ. ಇದನ್ನಾದರೂ ಮಾಡಿ" ಎಂದು ಕೌಂಟರಿನ ಮೇಲೆ ಇಟ್ಟು ಹೊರಟೆ.

ಆಟೋ ಹಿಡಿದು ಅನ್ನಪೂರ್ಣೇಶ್ವರಿ ನಗರಕ್ಕೆ ಹೋದೆ. ಎದುರಿಗೆ ಹಿಟ್ಟಿನ ಗಿರಣಿ, ಮಹಡಿ ಮನೆ: ಇಷ್ಟೇ ನನ್ನ ಹತ್ತಿರ ಇದ್ದ ವಿಳಾಸ. ಒಂದು ಗಿರಣಿ ಕಂಡಿತು, ಎದುರಿಗೆ ಜಿಮ್ಮು. ಇನ್ನೊಂದು ಕಂಡಿತು, ಎದುರಿಗೆ ಖಾಲಿ ಸೈಟು. ಬೇಕರಿಯಲ್ಲಿ ಕೇಳಿದೆ, ತರಕಾರಿ ಗಾಡಿಯವರನ್ನು ಕೇಳಿದೆ. ರಾಣೆಬೆನ್ನೂರು ಕಡೆಯ ಅಜ್ಜಿ, ಮಗ ಎಂಜಿನಿಯರ್ ಎಂದರೆ, "ಇಲ್ಲಿ ಎಲ್ಲಾ ಎಂಜಿನಿಯರ್‌ಗಳೇ ಮೇಡಂ" ಎಂದು ನಕ್ಕರು. ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್, ಏನು ಮಾರುತ್ತಿದ್ದೀರಿ ಎಂದು ಕೇಳಿದ. ಮನೆಯಿಂದ ಯಜಮಾನರು ಫೋನ್ ಮಾಡಿ, "ಯಾಕೆ ನಿನಗೆ ಊರ ಉಸಾಬರಿ? ಸ್ಟೇಷನ್ನಿಗೆ ಕೊಟ್ಟು ಬಾ" ಎಂದರು. ಸ್ಟೇಷನ್ನಿಗೆ ಕೊಟ್ಟರೆ ಅವರೂ ಇದನ್ನು ಒಂದು ಬುಟ್ಟಿಗೇ ಹಾಕುತ್ತಾರೆ ಎಂದೆ. ಕತ್ತಲಾಗುವವರೆಗೂ ತಿರುಗಿ, ಕಾಲು ನೋವು, ಭುಜ ನೋವು, ಎಲ್ಲದರ ಜೊತೆ ಮನೆಗೆ ಬಂದೆ.

ಕರ್ಚೀಫಿನ ಸಮೇತ ಅದನ್ನು ನಮ್ಮ ದೇವರ ಗೂಡಿನಲ್ಲಿ ಇಟ್ಟೆ. ಊಟಕ್ಕೆ ಕೂತೆ. ಆ ಅಜ್ಜಿ ಈಗ ಮಗನ ಮುಂದೆ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಾರೆ, ಗುಳಿಗೆಗೂ ನೀರು ಮುಟ್ಟಿರುವುದಿಲ್ಲ ಎನ್ನುವುದೇ ಕಣ್ಣ ಮುಂದೆ. ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ. ಒಂದು ಕರೆಯೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ಈ ಸಲ ಮಾಗಡಿ ರಸ್ತೆಯ ಕಡೆಯಿಂದ ಅಲ್ಲ, ನಾಗರಭಾವಿಯ ಕಡೆಯಿಂದ ಒಳಗೆ ನುಗ್ಗಿದೆ. ಬಹಳ ಅಡ್ಡರಸ್ತೆ ದಾಟಿದ ಮೇಲೆ ಗಡಗಡ ಸದ್ದು ಕೇಳಿಸಿತು. ರಾಗಿ ಹಿಟ್ಟಿನ ವಾಸನೆ. ಎದುರಿಗೆ ಹಳದಿ ಬಣ್ಣದ ಎರಡಂತಸ್ತಿನ ಮನೆ, ಗೇಟಿನಲ್ಲಿ ಅದೇ ಮಗ ಕಾರು ಒರೆಸುತ್ತಾ ನಿಂತಿದ್ದ. ನನಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸುವಷ್ಟು ಸಂತೋಷವಾಯಿತು.

ಬ್ಯಾಗನ್ನು ಎದೆಗೆ ಒತ್ತಿಕೊಂಡೇ ವಿಷಯ ಹೇಳಿದೆ. ಅವನ ಮುಖ ಅರಳಲಿಲ್ಲ. ಒಮ್ಮೆ ಮೇಲೆ ಬಾಲ್ಕನಿಯ ಕಡೆ ನೋಡಿ, ನನ್ನನ್ನು ಗೇಟಿನ ಈಚೆಗೆ ಕರೆದುಕೊಂಡು ಬಂದು, ದನಿ ತಗ್ಗಿಸಿ ಹೇಳಿದ: "ಮೇಡಂ, ನೀವು ದೊಡ್ಡ ಮನಸ್ಸಿನವರು. ಆದ್ರೆ ಲೇಟಾಗಿ ಬಂದ್ರಿ. ನಿನ್ನೆ ನಾನು ಸೆಂಟರಿಗೆ ಮೂರ್ನಾಲ್ಕು ಸಲ ಫೋನ್ ಮಾಡಿದೆ, ಏನೂ ಸಿಕ್ಕಿಲ್ಲ ಅಂದ್ರು."

ನನ್ನ ಚೀಟಿ ಏನಾಯಿತು ಎಂದು ನೀವೇ ಊಹಿಸಿಕೊಳ್ಳಿ. ಆ ಮ್ಯಾನೇಜರ್ ಎದುರಿಗಿದ್ದಿದ್ದರೆ ಅವತ್ತು ಅವನ ಸೀರಿಯಲ್ ಲೈಟು ಉಳಿಯುತ್ತಿರಲಿಲ್ಲ.

"ಅಮ್ಮ ಊಟ ಮಾಡಲ್ಲ ಅಂತ ಕೂತ್ಬಿಟ್ರು" ಎಂದು ಅವನು ಮುಂದುವರಿಸಿದ. "ರಾಜಾಜಿನಗರದಲ್ಲಿ ಅಂಗಡಿ ಅಂಗಡಿ ತಿರುಗಿ ಅದೇ ಥರದ್ದು ಹುಡುಕಿ ತಂದೆ. ಒಳಗಿಂದೂ ಅದೇ ಥರದ್ದು. ಸೆಂಟರ್‌ನವರೇ ವಾಪಸ್ ಕೊಟ್ರು ಅಂತ ಹೇಳಿದೆ. ಕಟ್ಕೊಂಡ್ರು, ರೂಮ್ ಬಾಗಿಲು ಹಾಕ್ಕೊಂಡು ಪೂಜೆ ಮಾಡಿದ್ರು, ನಾನು ಮಾಡಿದ ಚಪಾತಿ ತಿಂದ್ರು. ಇವತ್ತು ಬೆಳಿಗ್ಗೆ ಇಡ್ಲೀನೂ ತಿಂದ್ರು. ಈಗ ನೀವು ಇದನ್ನ ಕೊಟ್ರೆ ಎಲ್ಲಾ ಗೊತ್ತಾಗತ್ತೆ. ಬೇರೆ ಲಿಂಗಕ್ಕೆ ಪೂಜೆ ಮಾಡಿ ಉಂಡೆ ಅಂತ ತಿಳಿದ್ರೆ ಮತ್ತೆ ಉಪವಾಸ ಬೀಳ್ತಾರೆ. ಶುಗರ್ ಇದೆ ಮೇಡಂ. ಕೈ ಮುಗೀತೀನಿ, ಇದನ್ನ ತಗೊಂಡು ಹೋಗ್ಬಿಡಿ."

ಕೈ ಮುಗಿದೇಬಿಟ್ಟ. ತಾಯಿ ಉಪವಾಸ ಇರಬಾರದು ಎನ್ನುವ ಸಂಕಟ ಅವನದು, ಅದು ಸುಳ್ಳಲ್ಲ. ಆದರೆ ಅದೇ ಥರದ್ದಂತೆ. ಆ ಮನೆಯಲ್ಲೇ ಹುಟ್ಟಿದವನು ಈ ಮಾತು ಆಡುತ್ತಾನಲ್ಲ. ಲಿಂಗವನ್ನು ಗುರು ದೀಕ್ಷೆ ಮಾಡಿ ಅಂಗೈಯಲ್ಲಿ ಇಡುತ್ತಾರೆ. ಆ ಅಜ್ಜಿ ಅದನ್ನು ಬಾಲ್ಯದಿಂದ ದಿನವೂ ಎಡಗೈಯಲ್ಲಿ ಹಿಡಿದು ಕೂತವರು. ಅವರ ಅಂಗೈಗೆ ಅದರ ತೂಕ, ನುಣುಪು, ತಂಪು ಎಲ್ಲ ಗೊತ್ತು. ಬೇರೆ ಮಗುವನ್ನು ತಂದು ತೊಡೆಯ ಮೇಲೆ ಕೂರಿಸಿ ಇದು ನಿನ್ನದೇ ಎಂದರೆ ಯಾವ ತಾಯಿ ನಂಬುತ್ತಾಳೆ? ನಾನು ಇದನ್ನೆಲ್ಲ ಅವನ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿಂದ ದನಿ ಬಂತು.

"ಯವ್ವಾ, ನೀವಾ ತಂಗೀ? ಮ್ಯಾಲ್ ಬರ್ರಿ, ಮ್ಯಾಲ್ ಬರ್ರಿ."

ಬಾಲ್ಕನಿಯ ಕಟ್ಟೆ ಹಿಡಿದುಕೊಂಡು ಅಜ್ಜಿ ನಿಂತಿದ್ದರು. ಮಗ ನನ್ನ ಕಡೆ ನೋಡಿ ತುಟಿ ಅಲ್ಲಾಡಿಸದೆ, "ಹೇಳ್ಬೇಡಿ, ಪ್ಲೀಸ್" ಎಂದ. ನಾನು ಮೆಟ್ಟಿಲು ಹತ್ತಿದೆ.

ಅವರ ಕೋಣೆ ಬಾಲ್ಕನಿಗೆ ಹೊಂದಿಕೊಂಡೇ ಇತ್ತು. ಮಣೆ, ವಿಭೂತಿ ಬಟ್ಟಲು, ಒಂದು ತಂಬಿಗೆ ನೀರು. ಅಜ್ಜಿ ಒಂದೇ ದಿನದಲ್ಲಿ ಇಳಿದುಹೋಗಿದ್ದರು. ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿ ಬಿಳಿಯಾಗಿತ್ತು. ಇಡ್ಲಿ ತಿಂದವರ ಮುಖ ಅದಲ್ಲ. ಮಗ, ಟೀ ಮಾಡ್ತೀನಿ, ಅಮ್ಮನಿಗೆ ಉಪ್ಪಿಟ್ಟನ್ನೂ ಇಡ್ತೀನಿ ಎಂದು ಅಡುಗೆಮನೆಗೆ ಹೋದ. ಅವನ ಬೆನ್ನು ಮರೆಯಾದ ಕೂಡಲೆ ಅಜ್ಜಿ ನನ್ನ ಮುಂದೆ ಎರಡೂ ಕೈ ಚಾಚಿದರು.

"ತಂದೀರಲ್ಲ?"

"ನಿಮಗೆ ಹೇಗೆ ಗೊತ್ತಾಯ್ತಮ್ಮ?"

"ನೀವು ಚೀಲ ಎದಿಗೆ ಹಿಡಕೊಂಡು ನಿಂತಿದ್ರಿ. ಮ್ಯಾಲಿಂದ ಕಾಣ್ತು. ರೊಕ್ಕ ಇದ್ರ ಹಂಗ ಹಿಡಕೊಳ್ಳಂಗಿಲ್ಲ ಯಾರೂ."

ಕರ್ಚೀಫು ಬಿಚ್ಚಿ ಕೊಟ್ಟೆ. ಅವರು ಅದನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಕೊರಳಲ್ಲಿದ್ದ ಇನ್ನೊಂದನ್ನು ಬಿಚ್ಚಿ ಪಕ್ಕಕ್ಕಿಟ್ಟು ಹೇಳಿದರು: "ಅಂಗೈಯಾಗ ಇಟ್ಕೊಂಡ ಕೂಡ್ಲೇ ತಿಳೀತು. ಇದು ಯಾರ್ದೂ ಅಲ್ಲ. ಇನ್ನೂ ಯಾರ ಕೈಯಾಗೂ ಕುಂತಿಲ್ಲ."

"ಮತ್ತೆ ಊಟ?" ಎಂದೆ.

ಅವರು ಬಾಲ್ಕನಿಯ ಕಡೆ ಕಣ್ಣು ತೋರಿಸಿದರು. ಕಟ್ಟೆಯ ಮೇಲೆ ಇಡ್ಲಿಯ ಚೂರುಗಳು, ಒಣಗಿದ ಚಪಾತಿಯ ಅಂಚು. ಅಲ್ಲೇ ಕಾಗೆಗಳು ಕೂತಿದ್ದವು. "ಪೂಜಿ ಆದ ಮ್ಯಾಲ ಒಳಗ ಒಬ್ಬಾಕೇ ಕುಂತು ಉಣ್ಣೂದು ನನ್ನ ರೂಢಿ. ಅವ ತಾಟು ಇಟ್ಟು ಹೋಗ್ತಾನ. ಖಾಲಿ ತಾಟು ನೋಡಿ ಅವನ ಜೀವಕ್ಕ ಸಮಾಧಾನ ಆತು."

"ಅವರಿಗೆ ಹೇಳಬಹುದಿತ್ತಲ್ಲಮ್ಮ. ನಿಮಗೆ ಏನಾದರೂ ಆಗಿದ್ದರೆ?" ಎಂದೆ. ನನ್ನ ಕೋಪ ಈಗ ಅವರ ಮೇಲೆಯೇ ತಿರುಗಿತ್ತು.

"ಹೆಂಗ ಹೇಳ್ಲಿ? ಎಲ್ಲೆಲ್ಲೋ ತಿರುಗಿ ತಂದು, ಸಿಕ್ತಮ್ಮ ಅಂತ ನಕ್ಕೊಂತ ಬಂದ. ನಾನು ಅಲ್ಲ ಅಂದ್ರ ಅವನ ಮಾರಿ ಹೆಂಗಾಗಬೇಕು? ನೀವೂ ಅನ್ನಬ್ಯಾಡ್ರಿ ಅವನ ಮುಂದ. ಇದನ್ನ ತಗೊಂಡು ಹೋಗಿ ಯಾವ್ದಾದ್ರೂ ಮಠಕ್ಕ ಒಪ್ಪಿಸ್ರಿ." ಅಂಗಡಿಯದನ್ನು ನನ್ನ ಕರ್ಚೀಫಿನಲ್ಲೇ ಸುತ್ತಿ ಕೈಗೆ ಕೊಟ್ಟರು. ನಾನು ಹೂಂ ಎಂದೆ.

ಅವರು ಮಣೆಯ ಮೇಲೆ ಕೂತು, ವಿಭೂತಿ ಹಚ್ಚಿಕೊಂಡು, ಎಡಗೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಎದುರಿನ ಗಿರಣಿ ಗಡಗಡ ಅನ್ನುತ್ತಲೇ ಇತ್ತು. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು, ತಂಬಿಗೆ ಎತ್ತಿ ನೀರು ಕುಡಿದರು. ನೀರು ಗದ್ದದ ಮೇಲೆ, ಸೀರೆಯ ಮೇಲೆ ಇಳಿಯಿತು. ತಂಬಿಗೆ ಪೂರ್ತಿ ಖಾಲಿಯಾಗುವವರೆಗೆ ಇಳಿಸಲಿಲ್ಲ.

ಟೀ ಹಿಡಿದು ಬಂದ ಮಗ ಅದನ್ನು ನೋಡಿ ನನ್ನ ಕಡೆ ಗೆದ್ದವನ ಹಾಗೆ ಕಣ್ಣು ಮಾಡಿದ. ನಾನು ಟೀ ಕುಡಿದು ಎದ್ದೆ. ಅಜ್ಜಿ ನನ್ನ ಕೆನ್ನೆಗೆ ಕೈ ಮುಟ್ಟಿಸಿ, ಬರ್ತಾ ಇರ್ರಿ ತಂಗಿ ಎಂದರು. ಮಗ ಒಲೆ ಸಣ್ಣ ಮಾಡಿ ಬಂದು ಗೇಟಿನವರೆಗೆ ನನ್ನ ಜೊತೆ ಇಳಿದ.

"ನೋಡಿದ್ರಾ ಮೇಡಂ? ಅಮ್ಮನಿಗೆ ಗೊತ್ತೇ ಆಗಿಲ್ಲ" ಎಂದ. "ಅದನ್ನ ಕೊಟ್ಟಿಲ್ಲ ತಾನೆ?"

ನಾನು ಬ್ಯಾಗಿನಿಂದ ಕರ್ಚೀಫಿನ ಗಂಟು ತೆಗೆದು ತೋರಿಸಿದೆ. ಅವನು ಅದನ್ನು ಕೈಗೆ ತೆಗೆದುಕೊಂಡು ಬಿಚ್ಚಿದ. ಹಿಂದಿನ ದಿನ ಸಂಜೆ ತಾನೇ ಆರಿಸಿ, ತಾನೇ ಹಣ ಕೊಟ್ಟು, ತಾನೇ ತಾಯಿಯ ಕೈಗೆ ಕೊಟ್ಟಿದ್ದ ಕರಡಿಗೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣು ಒದ್ದೆಯಾಯಿತು.

"ಹೌದು, ಇದೇ. ಚಿಕ್ಕ ವಯಸ್ಸಿಂದ ನೋಡಿದೀನಲ್ಲ, ಅಮ್ಮಂದು ಎಲ್ಲಿದ್ರೂ ಗುರುತು ಹಿಡೀತೀನಿ" ಎಂದು ಎರಡೂ ಕಣ್ಣಿಗೆ ಒತ್ತಿಕೊಂಡ. "ಇದು ನನ್ನ ಹತ್ರಾನೇ ಇರಲಿ ಮೇಡಂ. ಲಾಕರ್‌ನಲ್ಲಿ ಇಡ್ತೀನಿ. ಮುಂದೆ ಅಮ್ಮನ ಕಾಲ ಆದಾಗ ಕೊರಳಲ್ಲಿರೋ ಅಂಗಡೀದನ್ನ ತೆಗೆದು ಇದನ್ನೇ ಕೈಯಲ್ಲಿಟ್ಟು ಮಣ್ಣು ಮಾಡ್ತೀನಿ. ಅಷ್ಟಾದ್ರೂ ಮಾಡ್ಬೇಕಲ್ವಾ ನಾನು."

ನಮ್ಮಲ್ಲಿ ಹೋದವರ ಕೈಯಲ್ಲಿ ಅವರ ಲಿಂಗವನ್ನು ಇಟ್ಟೇ ಸಮಾಧಿ ಮಾಡುವುದು. ಇವನು ಏನು ಮಾಡಲು ಹೊರಟಿದ್ದಾನೆ ನೋಡಿ. ಇಡೀ ಬದುಕು ಕೈಯಲ್ಲಿ ಹಿಡಿದದ್ದನ್ನು ಆ ಕೊನೆಯ ಹೊತ್ತಿನಲ್ಲಿ, ಪ್ರೀತಿಯಿಂದಲೇ, ಕಿತ್ತು ಎಸೆಯುತ್ತಾನೆ.

"ಕೊರಳಲ್ಲಿ ಇರೋದನ್ನ ತೆಗೀಬೇಡಿ" ಎಂದೆ. "ಯಾವತ್ತೂ ತೆಗೀಬೇಡಿ. ಕೊನೆಗೂ ಅದೇ ಇರಲಿ."

"ಅದು ಅಂಗಡೀದು ಮೇಡಂ" ಎಂದು ಅವನು ನಕ್ಕ. ಚಿಕ್ಕ ಮಕ್ಕಳಿಗೆ ತಿಳಿಸಿ ಹೇಳುವ ನಗು. "ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ."

ನನಗೆ ಅರ್ಥವಾಗುವುದಿಲ್ಲವಂತೆ. ಅಜ್ಜಿಗೆ ಕೊಟ್ಟ ಮಾತು ನನ್ನ ಬಾಯಲ್ಲಿ ನಿಂತದ್ದು ಅಲ್ಲಿಯವರೆಗೆ ಮಾತ್ರ. "ಅಂಗಡೀದು ನಿಮ್ಮ ಕೈಯಲ್ಲಿದೆ" ಎಂದೆ. "ನಿನ್ನೆ ನೀವೇ ತಂದದ್ದು. ಅಮ್ಮಂದು ಅಮ್ಮನ ಕೊರಳಲ್ಲಿದೆ."

ಅವನು ಕೈಯಲ್ಲಿದ್ದದ್ದನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. "ಆದ್ರೆ ನಿನ್ನೆ ಚಪಾತಿ ತಿಂದ್ರಲ್ಲ. ಬೆಳಿಗ್ಗೆ ಇಡ್ಲಿ..."

"ಮೇಲೆ ಕಟ್ಟೆ ನೋಡಿ" ಎಂದೆ.

ತಲೆ ಎತ್ತಿ ನೋಡಿದ. ಕಾಗೆಗಳು ಅಲ್ಲೇ ಇದ್ದವು. ಅವನ ಮುಖ ನೋಡಲಾರದೆ ನಾನು ಗಿರಣಿಯ ಕಡೆ ತಿರುಗಿದೆ. ಇವನಿಗೆ ಹೀಗೇ ಆಗಬೇಕಿತ್ತು ಎಂದು ಒಂದು ಕಡೆ, ಅಯ್ಯೋ ಪಾಪ ಎಂದು ಇನ್ನೊಂದು ಕಡೆ. ಮಾತು ಮುರಿದದ್ದಕ್ಕೆ ಮಾತ್ರ ನನಗೆ ಅವತ್ತೂ ಬೇಸರವಾಗಲಿಲ್ಲ, ಇವತ್ತೂ ಇಲ್ಲ.

ಅವನು ಅದನ್ನು ಕರ್ಚೀಫಿನ ಸಮೇತ ನನ್ನ ಕೈಗೆ ಇಟ್ಟು, ಚಪ್ಪಲಿ ಬಿಟ್ಟು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ. ಆಮೇಲೆ ಗಿರಣಿಯ ಸದ್ದು ಒಂದು ಕ್ಷಣ ನಿಂತಾಗ ಅಜ್ಜಿಯ ದನಿ ಕೆಳಗಿನವರೆಗೂ ಬಂತು.

"ಸುಮ್ನ ನಿಂತ್ ಯಾಕ ಅಳ್ತೀಯೋ? ಉಪ್ಪಿಟ್ಟು ತಗೊಂಡ್ ಬಾ. ಹೊಟ್ಟಿ ಹಸದೈತಿ."

ತೆರೆದೇ ಇದ್ದ ಗೇಟನ್ನು ನಾನು ಮುಚ್ಚಿ ಚಿಲಕ ಹಾಕಿದೆ. ಮಠಕ್ಕೆ ಒಪ್ಪಿಸಬೇಕಾದ ಗಂಟನ್ನು ಬ್ಯಾಗಿನೊಳಗಿಟ್ಟು, ಅದನ್ನು ಮತ್ತೆ ಎದೆಗೆ ಹಿಡಿದುಕೊಂಡು ಆಟೋ ಹುಡುಕುತ್ತಾ ಮುಖ್ಯರಸ್ತೆಯ ಕಡೆ ನಡೆದೆ.